ಅರಿಶಿಣ ಮುಖಕ್ಕೆ ಬೇಡ

ಯರಗುಪ್ಪಿಯ ಮಹಿಳಾ ಸಂಘದಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರಗಳು. ಹೆಣ್ಣುಮಕ್ಕಳನ್ನು ನಂಬಿಕೆಯಿಂದ ನನ್ನ ಪಾರ್ಲರ್ ತರಬೇತಿಗೆ ಕಳಿಸಿದ ಹಿರಿಯರಿಗೆ ಕೃತಜ್ಞತೆಗಳು.

ನಿಮ್ಮೂರಿನವಳೇ ಆದ ನನ್ನ ಶಿಷ್ಯೆ ದಾನೇಶ್ವರಿ ಮದುವೆಗೆ ಮುಂಚೆ ಮೊಡವೆ ಕಲೆಗಳಿಗಾಗಿ ಹುಬ್ಬಳ್ಳಿಯಲ್ಲಿ ಮೈಕ್ರೋನೀಡ್ಲಿಂಗ್ ಮಾಡಿಸಿಕೊಂಡಿದ್ದಳು. ಸೂಜಿ ಚುಚ್ಚಿದ ಚರ್ಮ ಮಾಯುವವರೆಗೆ ಹಚ್ಚಲು ವೈದ್ಯರು ಪೆಪ್ಟೈಡ್ ಕ್ರೀಮು ಕೊಟ್ಟಿದ್ದರು. ಮರುದಿನವೇ ಅರಿಶಿಣ ಶಾಸ್ತ್ರ. ಅವಳ ಸೋದರತ್ತೆ, ನಿಮ್ಮ ಸಂಘದ ನೀಲಕ್ಕನವರು ಆ ಕ್ರೀಮನ್ನು ಒರೆಸಿ, ಮುಖಕ್ಕೆ ಅರಿಶಿಣ ಬಳಿದು, “ಮದುಮಗಳಿಗೆ ಅರಿಶಿಣಾ ಬಿಟ್ಟು ಮಲಾಮ ಹಚ್ಚತಾರೇನಬೇ?” ಎಂದರಂತೆ.

“ಉರಿಯಾಕತ್ತೈತಿ ಅತ್ತಿ.”

“ಉರೀಲಿ ಬಿಡಬೇ, ಮುಖಾ ಹೊಳೀತೈತಿ.”

ಎಲ್ಲರೂ ನಕ್ಕರಂತೆ. ಮುಖಕ್ಕೆ ನಂಜೇರಿತು. ಗಂಡಿನ ಕಡೆಯವರು ನೋಡಿ ಮದುವೆ ಮುರಿದು ಹೊರಟುಹೋದರು. ಅಂದಿನಿಂದ ದಾನೇಶ್ವರಿ ಹೊಸ್ತಿಲು ದಾಟಿಲ್ಲ.

ನಾಳೆ ನಿಮ್ಮೂರಿನ ಸೌಂದರ್ಯಾಳ ಅರಿಶಿಣ. ಅವಳೂ ಅದೇ ಚಿಕಿತ್ಸೆ ಮಾಡಿಸಿಕೊಂಡು ನಿನ್ನೆ ಮರಳಿದ್ದಾಳೆ. ತಾಯಂದಿರೇ, ಕೈಕಾಲಿಗೆ ಅರಿಶಿಣ ಹಚ್ಚಿರಿ, ಮುಖಕ್ಕೆ ಬೇಡ. ಆ ಮುಖದ ಆರೈಕೆಯನ್ನು ದಾನೇಶ್ವರಿಗೆ ಒಪ್ಪಿಸಿರಿ. ನನ್ನ ಶಿಷ್ಯೆಯರಲ್ಲಿ ಅವಳಷ್ಟು ಹಗುರ ಕೈ ಯಾರದೂ ಇಲ್ಲ. ನಾನು ಕರೆದಾಗ ಅವಳು ಬಾಗಿಲು ತೆರೆಯಲಿಲ್ಲ. ನೀಲಕ್ಕನವರೇ, ನೀವು ಕರೆದರೆ ತೆರೆದಾಳು. ಈ ಪತ್ರವನ್ನು ಮಡಚಿಟ್ಟು ಈಗಲೇ ಏಳಿರಿ.

ನಿಮ್ಮ,
ಜಮಾಲಬಿ
ತರಬೇತಿ ಶಿಕ್ಷಕಿ, ನವಲಗುಂದ