ಗೋಲ್‌ಪೋಸ್ಟಿನ ಹಿಂದಿನ ಜಾಗ

ಅಪ್ಪಾ,

ದೊಡ್ಡವರಿಗೆ ಬರೆಯುವಾಗ ‘ತೀರ್ಥರೂಪ’ ಎಂದು ಶುರುಮಾಡಬೇಕೆಂದು ನೀನೇ ಕಲಿಸಿದ್ದೆ. ಬರೆಯಲು ಕೈ ಬರಲಿಲ್ಲ. ನೀನು ಹೋದ ಮೇಲೆ ಎರಡು ಚಳಿಗಾಲ ಕಳೆದವು, ನಿನ್ನ ಮೇಲಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಓಕ್‌ವಿಲ್ಲಿನ ಮನೆಯಲ್ಲಿ, ಊಟದ ಟೇಬಲ್ಲಿಗೆ ಕೂರಿಸಿ ನೀನು ತಿದ್ದಿಸಿದ ಅಕ್ಷರಗಳಲ್ಲೇ ಅದನ್ನು ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನದ ಹಸಿರು ರೈಲು ನೆನಪಿದೆಯಾ? ಕಾರಿನ ಫ್ಯಾಕ್ಟರಿಯಲ್ಲಿ ವಾರವಿಡೀ ಶಿಫ್ಟು ಮಾಡಿ ದಣಿದವನು ಅವತ್ತು ನೀಟಾಗಿ ಶೇವ್ ಮಾಡಿಕೊಂಡು, ಶೇಂಗಾ ಚಟ್ನಿ ಹಚ್ಚಿ ಸುತ್ತಿದ ಚಪಾತಿಗಳನ್ನು ಕೋಟಿನ ಒಳಜೇಬಿಗೆ ಸೇರಿಸಿ, ನನ್ನ ಕೈಹಿಡಿದು ಹೊರಡುತ್ತಿದ್ದೆ. ಟೊರೊಂಟೊ ಬರುವವರೆಗೂ ಕಿಟಕಿಯಾಚೆಯ ಸರೋವರ ನಿನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಬೆಳಗಾವಿ ಕ್ಯಾಂಪಿನ ಮೈದಾನದಲ್ಲಿ ಕಾಲೇಜಿನ ಫುಟ್‌ಬಾಲ್ ತಂಡಕ್ಕಾಗಿ ನೀನು ಹೊಡೆದ ಗೋಲಿನದ್ದೇ ಮಾತು. ಅದೇ ಒಂದು ಗೋಲು ಪ್ರತಿಸಲ ಇನ್ನಷ್ಟು ದೂರದಿಂದ ಬಂದು ಬಲೆ ಸೇರುತ್ತಿತ್ತು. ನಾನು ಎಲ್ಲವನ್ನೂ ನಂಬಿದ್ದೆ.

ಸ್ಟೇಡಿಯಮ್ಮಿನ ಗೇಟಿನಲ್ಲಿ ನನ್ನ ಮಣಿಕಟ್ಟಿಗೆ ಹಳದಿ ಕಾಗದದ ಪಟ್ಟಿ ಸುತ್ತುತ್ತಿದ್ದರು. ಗೋಲ್‌ಪೋಸ್ಟಿನ ಹಿಂದೆ ಮಕ್ಕಳಿಗೆಂದೇ ಬಿಟ್ಟ ಜಾಗ ಅದು. ಕುರ್ಚಿಗಳಿಲ್ಲ, ನಿಂತೇ ನೋಡಬೇಕು, ಹದಿನಾರು ದಾಟಿದವರಿಗೆ ಪ್ರವೇಶವಿಲ್ಲ. ಕಬ್ಬಿಣದ ಕಂಬಿಯ ಆಚೆ ನೀನು, ಈಚೆ ನಾನು. ಮುಂದಿನ ಸಾಲಿನ ಎಡಮೂಲೆ ನನ್ನದು ಎಂದು ಎಲ್ಲರಿಗೂ ಗೊತ್ತಾಗಿಹೋಗಿತ್ತು. ನಮ್ಮ ರೈಲು ತಡವಾದರೂ ಆ ಪಂಜಾಬಿ, ಸೊಮಾಲಿ, ಪೋರ್ಚುಗೀಸ್ ಹುಡುಗರು ಅದನ್ನು ನನಗೆಂದು ಖಾಲಿ ಬಿಟ್ಟಿರುತ್ತಿದ್ದರು. ಆ ಪಟ್ಟಿಯನ್ನು ಮುಂದಿನ ಆಟದವರೆಗೆ ಕೈಯಿಂದ ತೆಗೆಯದಿರುವುದು ನಮ್ಮ ನಮ್ಮಲ್ಲಿನ ರೂಢಿ. ಹಾಫ್‌ಟೈಮಿನಲ್ಲಿ ನೀನು ಕಂಬಿಯ ಮೇಲಿಂದ ಚಪಾತಿ ದಾಟಿಸುತ್ತಾ, “ಕಾಲ ಗಟ್ಟಿ ಊರಿ ನಿಂದ್ರು ಮಗಳ, ಯಾರು ದೂಡಿದ್ರೂ ಜಾಗಾ ಬಿಡಬ್ಯಾಡ,” ಅನ್ನುತ್ತಿದ್ದೆ. ಕಡೆಗೆ ಬಿಡಿಸಿದವರು ಯಾರು ಅಪ್ಪಾ?

ನನಗೆ ಹನ್ನೆರಡಾದ ಬೇಸಿಗೆ. ಮಗಳು ದೊಡ್ಡವಳಾದಳೆಂದು ನಮ್ಮ ಬೇಸ್‌ಮೆಂಟಿನಲ್ಲಿ ಆರತಿ ಇಟ್ಟುಕೊಂಡಿರಿ. ಮಿಸ್ಸಿಸಾಗಾ, ಬ್ರಾಂಪ್ಟನ್ನಿನಿಂದ ನಮ್ಮ ಕಡೆಯ ಹೆಂಗಸರೆಲ್ಲ ಬಂದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಉಡಿ ತುಂಬಿ, ಹಸಿರು ಬಳೆ ಇಡಿಸಲು ಕೈ ಹಿಡಿದರು. ಹಿಂದಿನ ಶನಿವಾರದ ಪಟ್ಟಿ ಇನ್ನೂ ಕೈಯಲ್ಲೇ ಇತ್ತು. ಅದನ್ನು ಕಿತ್ತುಹಾಕು ಎಂದರು. ನಾನು ಕೈ ಹಿಂದಕ್ಕೆಳೆದುಕೊಂಡು ಅತ್ತೆ. ಗಲಾಟೆ ಕೇಳಿ ನೀನು ಮೆಟ್ಟಿಲಿಳಿದು ಬಂದಾಗ ನನಗೆ ಎಷ್ಟು ಧೈರ್ಯ ಬಂದಿತ್ತು ಗೊತ್ತಾ? ನೀನು ಅಡುಗೆಮನೆಯ ಕತ್ತರಿ ತರಿಸಿದೆ. “ಇನ್ನ ಸಾಕು. ದೊಡ್ಡಾಕಿ ಆದಿ, ಹುಡುಗೂರ ನಡುವ ನಿಂದ್ರೂದು ಚಂದ ಕಾಣೂದಿಲ್ಲ,” ಎನ್ನುತ್ತಾ ಪಟ್ಟಿಯನ್ನು ಕತ್ತರಿಸಿದೆ. ಅವ್ವ ನಿನ್ನ ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದಳು. ಸಂಜೆ ಆ ಹಳದಿ ತುಂಡು ಕಸದ ಡಬ್ಬಿಯಲ್ಲಿ ಆಲೂಗಡ್ಡೆ ಸಿಪ್ಪೆಯ ಜೊತೆ ಬಿದ್ದಿತ್ತು. ಸ್ಟೇಡಿಯಮ್ಮಿನವರು ಹದಿನಾರರವರೆಗೆ ಕೊಟ್ಟಿದ್ದ ಜಾಗವನ್ನು ನೀನು ಹನ್ನೆರಡಕ್ಕೇ ಮುಗಿಸಿದೆ.

ಮುಂದಿನ ಶನಿವಾರ ನೀನು ನನ್ನ ತಮ್ಮ ಗಿರೀಶನನ್ನು ಕರೆದುಕೊಂಡು ಹೋದೆ. ಅವನಿಗೆ ವಿಡಿಯೋ ಗೇಮ್ ಬಿಟ್ಟರೆ ಬೇರೆ ಆಟ ಬೇಕಿರಲಿಲ್ಲ. ಮುಖ ಊದಿಸಿಕೊಂಡೇ ಹೋದ. ವಾಪಸು ಬಂದಾಗ ಬಾಗಿಲಲ್ಲೇ ಹಿಡಿದು ಕೇಳಿದರೆ ಗೆದ್ದವರು ಯಾರೆಂದೂ ಅವನಿಗೆ ಗೊತ್ತಿಲ್ಲ. ನೀನಾದರೂ ಹೇಳಬಹುದಿತ್ತು. ಶೂ ಬಿಚ್ಚುತ್ತಾ ಒಮ್ಮೆ ನನ್ನ ಮುಖ ನೋಡಿದೆ, ಆಮೇಲೆ ಚಹಾ ಕೇಳಿದೆ. ಬೆಳಗಾವಿಯಲ್ಲೇ ಇದ್ದಿದ್ದರೆ ನೀನು ಓಣಿಯವರ ಬಾಯಿಗೆ ಹೆದರಿದೆ ಅಂದುಕೊಳ್ಳುತ್ತಿದ್ದೆ. ಇಲ್ಲಿ ನಿನ್ನನ್ನು ಕೇಳುವವರು ಯಾರಿದ್ದರು? ಆ ಬೇಸ್‌ಮೆಂಟಿನ ಹೆಂಗಸರು ಊಟ ಮುಗಿಸಿ ಕಾರು ಹತ್ತಿದ ಮೇಲೆ ನಮ್ಮನ್ನು ನೆನೆದಿದ್ದಾದರೂ ಉಂಟೇ?

ನಿನ್ನ ಕಾರ್ಯದ ದಿನ ನಮ್ಮವರೊಬ್ಬರು ಎದ್ದು ನಿಂತು, ಮಗಳನ್ನು ಮಗನ ಹಾಗೆ ಬೆಳೆಸಿದ ಪುಣ್ಯಾತ್ಮ ಎಂದು ನಿನ್ನನ್ನು ಕೊಂಡಾಡಿದರು. ನಾನು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ. ಪಾತ್ರೆಯನ್ನು ಅವರ ತಲೆಯ ಮೇಲೆ ಬೋರಲು ಹಾಕಬೇಕೆನಿಸಿತು. ಹಾಕಲಿಲ್ಲ. ನಾಲ್ಕು ಜನರೆದುರು ಬಾಯಿ ಮುಚ್ಚಿಕೊಂಡಿರುವುದನ್ನು ನಿಮ್ಮ ಮನೆಯಲ್ಲಿ ಚೆನ್ನಾಗಿಯೇ ಕಲಿತಿದ್ದೇನೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ ಕೇಳು. ನಿನ್ನ ಮೊಮ್ಮಗಳು, ನನ್ನ ಇಳಾ, ಈಗ ಅದೇ ಗೋಲ್‌ಪೋಸ್ಟಿನ ಹಿಂದೆ ನಿಂತು ಆಟ ನೋಡುತ್ತಾಳೆ. ಹೋದ ವಾರ ಅವಳೂ ದೊಡ್ಡವಳಾದಳು. ಶನಿವಾರ ಬೆಳಿಗ್ಗೆ ಅವ್ವ ಅವಳನ್ನು ಕೂರಿಸಿ ಹಸಿರು ಬಳೆ ತೊಡಿಸಿ ಆರತಿ ಎತ್ತಿದಳು. ಇನ್ನು ಆ ಮಾತು ಬರುತ್ತದೆ ಎಂದು ನಾನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ಇಷ್ಟು ವರ್ಷದ ಜಗಳವನ್ನೆಲ್ಲ ಅವತ್ತೇ ಆಡಿ ಮುಗಿಸುವವಳಿದ್ದೆ. ಅವ್ವ ತಟ್ಟೆ ಕೆಳಗಿಟ್ಟು ರೈಲು ಎಷ್ಟಕ್ಕೆ ಎಂದು ಕೇಳಿದಳು. ತಾನೂ ಬರುತ್ತೇನೆಂದಳು. ಒಂದು ದಿನವೂ ಆ ಸ್ಟೇಡಿಯಂ ನೋಡಿದವಳಲ್ಲ ಅವಳು. ನೀನು ಕರೆದದ್ದೇ ಇಲ್ಲವಲ್ಲ.

ಗೇಟಿನಲ್ಲಿ ಪಟ್ಟಿ ಸುತ್ತುವ ಹುಡುಗಿ ಕೈತುಂಬ ಬಳೆ ನೋಡಿ, ಎಲ್ಲಿ ಸುತ್ತಲೆಂದು ತಡೆದು ನಿಂತಳು. “ಅಜ್ಜಿ, ಶುಡ್ ಐ ಟೇಕ್ ದೆಮ್ ಆಫ್?” ಎಂದು ಇಳಾ ಕೇಳಿದಳು. ಅವ್ವ ಅವಳ ಕೈ ಹಿಡಿದು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿದಳು.

“ತೆಗೀಬ್ಯಾಡ. ಎರಡಕ್ಕೂ ಜಾಗಾ ಐತಿ,” ಅಂದಳು. ಆಮೇಲೆ, ನನ್ನ ಮುಖ ನೋಡದೆ, “ಅವತ್ತೂ ಇತ್ತು.”

ಅವ್ವನಿಗೆ ಆಟ ಏನೂ ತಿಳಿಯಲಿಲ್ಲ. ಹಾಫ್‌ಟೈಮಿನಲ್ಲಿ ಕಂಬಿಯ ಮೇಲಿಂದ ಚಪಾತಿ ದಾಟಿಸಿದಳು. ಅಪ್ಪಾ, ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದು ಮುಗಿಸಬೇಕೆಂದುಕೊಂಡಿದ್ದೆ. ಬರೆದರೆ ಸುಳ್ಳಾಗುತ್ತದೆ. ಇಷ್ಟು ಮಾತ್ರ ಮಾತು ಕೊಡುತ್ತೇನೆ: ಹದಿನಾರು ತುಂಬುವವರೆಗೆ ಇಳಾ ಅಲ್ಲೇ ನಿಲ್ಲುತ್ತಾಳೆ, ನನ್ನ ಮನೆಯ ಕತ್ತರಿ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ.