ಪೂರಿಮ್ ವೇಷ, ಹನ್ನೊಂದು ಹೆಸರು

ಹೈಫಾ, ಮಾರ್ಚ್ ೨೨, ೧೯೫೧. ಗುರುವಾರ ರಾತ್ರಿ.

ವೇಷಸಾಮ್ರಾಜ್ಞಿ ರುಹಾಮಾ ಎಂಬ ನಾನು ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ. ನಮ್ಮ ಯಹೂದಿಗಳ ಪೂರಿಮ್ ಹಬ್ಬಕ್ಕೆ ಊರೆಲ್ಲ ವೇಷ ಹಾಕುತ್ತದೆ. ನಾನು ಕಾವಲುಗಾರರಾದ ಅಪ್ಪನ ಟೋಪಿ, ಬೂಟು ತೊಟ್ಟು, ಗಸಗಸೆ ಕಡುಬಿನ ತಟ್ಟೆ ಹಿಡಿದು ಮಹಡಿಗೆ ಹೋಗಿ ಲೇಖಕ ಝೆಲಿಗ್ ಮಾಮನ ಬಾಗಿಲು ಗುದ್ದಿದೆ. "ಸರ್ಕಾರದ ಅಪ್ಪಣೆ! ತೆಗೀರಿ!"

ಬಹಳ ಹೊತ್ತು ತೆಗೆಯಲಿಲ್ಲ. ಹೊಗೆಯ ವಾಸನೆ ಬಂತು. ಕೊನೆಗೆ ತೆಗೆದಾಗ ಮಾಮ ಕೋಟು ಹಾಕಿ, ಪೆಟ್ಟಿಗೆ ಹಿಡಿದು ನಿಂತಿದ್ದರು.

"ಅಯ್ಯೋ, ನೀನೇನೇ ಕೋತಿ?" ಎಂದು ಒಂದು ಕಡುಬು ತೆಗೆದುಕೊಂಡರು.

ಒಲೆಯಲ್ಲಿ ಅವರ ಕೈಬರಹದ ಪುಸ್ತಕ ಬೂದಿಯಾಗಿತ್ತು. ಯುದ್ಧದಲ್ಲಿ ನಾಜಿ ಸೈನಿಕರ ಕೈಗೆ ಸಿಗದಂತೆ ಅವರನ್ನು ಒಂದೊಂದು ರಾತ್ರಿ ಬಚ್ಚಿಟ್ಟ ಹನ್ನೊಂದು ಮಂದಿಯ ಕಥೆ. ಬೇರೆ ಪ್ರತಿಯಿಲ್ಲ.

"ಯಾಕೆ ಮಾಮ?"

"ಅದ್ರಲ್ಲಿ ಹೆಸರುಗಳಿದ್ವಲ್ಲೇ. ಬಾಗಿಲು ಬಡಿದ್ರೆ ಮೊದಲು ಹೆಸರು ಸುಡೋದು. ಅಭ್ಯಾಸ."

"ನೀವು ಹೇಳಿ, ನಾನು ಬರೀತೀನಿ" ಎಂದು ಟೋಪಿ ಕಳಚಿ ಕೂತೆ. ಏಳು ಹೆಸರು ಹೇಳಿದರು. ಎಂಟನೆಯದು ನೆನಪಿಗೆ ಬಾರದೆ ಒಲೆಯ ಬೂದಿ ಕೆದಕಿದರು.

"ನಾಳೆ ನೆನಪಾಗುತ್ತೆ, ಹೋಗು. ವೇಷ ಚೆನ್ನಾಗಿತ್ತು ಕಣೇ."

ಹಾಳೆ ನನ್ನ ಮುಂದಿದೆ, ಏಳು ಹೆಸರಿನ ಕೆಳಗೆ ನಾಲ್ಕು ಖಾಲಿ ಗೆರೆ. ಮೇಲೆ ಮಾಮ ಇನ್ನೂ ನಡೆದಾಡುತ್ತಿದ್ದಾರೆ. ಹೆಜ್ಜೆ ನಿಂತಾಗಲೆಲ್ಲ ನಾನು ಪೆನ್ನು ಎತ್ತಿಕೊಳ್ಳುತ್ತೇನೆ, ಮತ್ತೆ ಹೆಜ್ಜೆ ಕೇಳಿದರೆ ಕೆಳಗಿಡುತ್ತೇನೆ.