ಇಬ್ಬರಿಗೆ ಒಂದೇ ಬಲೆ

ಬಾಣಾವರ, ಸೋಮವಾರ

ಡಾಕ್ಟರ್ ಪ್ರಭುಸ್ವಾಮಿಯವರಿಗೆ,

ಹರ್ನಿಯಾ ಆಪರೇಷನ್ನಿನಲ್ಲಿ ನನ್ನ ಅಮ್ಮನ ಹೊಟ್ಟೆಯೊಳಗೆ ಉಬ್ಬು ತಡೆಯಲು ನೀವು ಇಟ್ಟ ಮೆಶ್ ಬಲೆಯ ನಂಬರಿನ ಚೀಟಿ ಅವರ ಫೈಲಿನಲ್ಲಿದೆ. ಆಗ ನಿಮ್ಮ ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದ ಹಳೇಬೀಡಿನ ಮುದ್ದಮ್ಮನವರು, "ನಂದೂ ಓದವ್ವ, ಏನೈತೆ ನೋಡು" ಎಂದು ತಮ್ಮ ಫೈಲು ಕೊಟ್ಟರು. ಅದರಲ್ಲೂ ಅದೇ ನಂಬರಿತ್ತು. ಒಂದು ಬಲೆಗೆ ಒಂದೇ ನಂಬರು ಎಂದು ನಿಮ್ಮ ನರ್ಸ್ ಹೇಳಿದರು. ಒಂದನ್ನೇ ಕತ್ತರಿಸಿ ಇಬ್ಬರಿಗೂ ಹಾಕಿದಿರಾ ಎಂದು ಕೇಳಿದ್ದಕ್ಕೆ, "ಕನ್ನಡ ಎಂ.ಎ. ಅಲ್ವೇನಮ್ಮ? ಕಥೆ ಚೆನ್ನಾಗಿ ಕಟ್ತೀಯ" ಎಂದು ನಕ್ಕಿರಿ.

ಅಮ್ಮನ ಹೊಟ್ಟೆ ಅದೇ ಜಾಗದಲ್ಲಿ ಮತ್ತೆ ಉಬ್ಬಿದೆ. ಒಳಗೆ ಎಷ್ಟಗಲದ ಬಲೆ ಇದೆಯೆಂದು ತಿಳಿಯದೆ ಹಾಸನದ ಡಾಕ್ಟರು ಕೊಯ್ಯುವುದಿಲ್ಲವಂತೆ. ನೀವು ಇಟ್ಟ ತುಂಡಿನ ಅಳತೆಯನ್ನು ಬರೆದು ಸಹಿ ಹಾಕಿಡಿ. ಗುರುವಾರ ಬರುತ್ತೇನೆ.

ಜನರೆದುರು ದನಿ ಏರಿಸಲು ನನಗೆ ಬರುವುದಿಲ್ಲ. ಮುದ್ದಮ್ಮನವರಿಗೆ ಬರುತ್ತದೆ. ಅವರಿಗೆ ಎಲ್ಲ ಹೇಳಿದ್ದೇನೆ, ಜೊತೆಗೆ ಕರೆತರುತ್ತೇನೆ.

ಜಾನಕಮ್ಮನ ಮಗಳು,
ಲತಾಮಣಿ